ಜಂಬೂದ್ವೀಪ ಶಬ್ದದ ಅರ್ಥ ಮತ್ತು ಪ್ರಯೋಗ

ಹಳಗನ್ನಡದ ಜೈನಪುರಾಣಗಳನ್ನೂ ಆರಾಧನಾಕಥೆಗಳನ್ನೂ ಓದುವವರಿಗೆ ಕಥಾರಂಭದಲ್ಲಿಯೇ ಎದುರಾಗುವ ಹೆಸರು ಜಂಬೂದ್ವೀಪ. ಕಥೆ ನಡೆಯುವ ಪುರದ ಹೆಸರನ್ನು ಹೇಳುವ ಮೊದಲು ಕವಿಯು ದ್ವೀಪ, ಕ್ಷೇತ್ರ, ವಿಷಯ ಎಂಬ ಕ್ರಮದಲ್ಲಿ ಅದರ ನೆಲೆಯನ್ನು ನಿರ್ದೇಶಿಸುತ್ತಾನೆ. ಹೆಸರು ಅತಿಪರಿಚಿತವಾದುದರಿಂದಲೇ ಅದರ ಅರ್ಥವಿಚಾರಕ್ಕೆ ತಕ್ಕಷ್ಟು ಗಮನ ಸಂದಿಲ್ಲ. ಜಂಬೂದ್ವೀಪವೆಂದರೆ ಭಾರತದೇಶ ಎಂದು ಒಂದೇ ಮಾತಿನಲ್ಲಿ ಅರ್ಥ ಬರೆದು ಮುಂದೆ ಸಾಗುವ ರೂಢಿ ಬೆಳೆದುಬಂದಿದೆ. ಈ ಸಮೀಕರಣವು ಸಂಪೂರ್ಣ ನಿರಾಧಾರವೇನೂ ಅಲ್ಲ. ಆದರೆ ಅದರ ಆಧಾರವಿರುವುದು ಬೌದ್ಧಸಾಹಿತ್ಯದ ಒಂದು ಶಾಖೆಯಲ್ಲಿ. ಅದನ್ನು ತಂದು ಜೈನಗ್ರಂಥಕ್ಕೆ ಹಚ್ಚಿದಾಗ ಪೂರ್ವಭವಕಥೆಗಳು ನೆಲೆ ತಪ್ಪುತ್ತವೆ. ಅವುಗಳೊಡನೆ ಒಂದು ಮುಖ್ಯ ಸಿದ್ಧಾಂತವೂ ಅರ್ಥಹೀನವಾಗುತ್ತದೆ.

ಮೊದಲಿಗೆ ‘ದ್ವೀಪ’ ಶಬ್ದವನ್ನು ನೋಡಬಹುದು. ‘ದ್ವಿ’ ಎಂಬುದರ ಮುಂದೆ ನೀರೆಂಬರ್ಥದ ‘ಅಪ್’ ಬಂದಾಗ ಅದರ ಅಕಾರಕ್ಕೆ ಈಕಾರ ಆದೇಶವಾಗುವುದನ್ನು ಪಾಣಿನಿ ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಎರಡು ಕಡೆ ನೀರುಳ್ಳ ನೆಲ ದ್ವೀಪ. ಈ ವ್ಯುತ್ಪತ್ತಿಯಲ್ಲಿ ಗಾತ್ರದ ಸೂಚನೆಯಿಲ್ಲ. ನದಿಯ ನಡುವಣ ದಿಬ್ಬವೂ ದ್ವೀಪವೇ, ಲಕ್ಷಯೋಜನದ ಭೂಮಂಡಲವೂ ದ್ವೀಪವೇ. ಜೈನ ಪರಿಭಾಷೆಯ ಒಳಗೇ ಈ ಎರಡು ಗಾತ್ರಗಳೂ ಇವೆ: ಜಂಬೂದ್ವೀಪ, ಧಾತಕೀಷಂಡ, ಪುಷ್ಕರವರ ಮುಂತಾದ ವಲಯಗಳು ಒಂದು ಬಗೆ; ಲವಣಸಮುದ್ರ ಮತ್ತು ಕಾಲೋದಸಮುದ್ರಗಳಲ್ಲಿ ಚದುರಿರುವ ೯೬ ಅಂತರ್ದ್ವೀಪಗಳು ಇನ್ನೊಂದು ಬಗೆ. ಆದರೆ ಇಂದಿನ ಕನ್ನಡದಲ್ಲಿ ‘ದ್ವೀಪ’ವು ಕಡಲ ನಡುವಣ ಸಣ್ಣ ನೆಲಕ್ಕೆ ಮಾತ್ರ ಸೀಮಿತವಾಗಿದೆ. ಶಾಲೆಯ ಭೂಗೋಳದಲ್ಲಿ ಏಷ್ಯಾ, ಆಫ್ರಿಕ ಮೊದಲಾದ ಮಹಾಭೂಭಾಗಗಳಿಗೆ ‘ಖಂಡ’ವೆಂಬ ಹೆಸರು ನಿಂತಿದೆ. ಪ್ರಾಚೀನ ಕ್ರಮದಲ್ಲಿ ದ್ವೀಪದ ಒಂದಂಶ ಕ್ಷೇತ್ರ, ಕ್ಷೇತ್ರದ ಒಂದಂಶ ಖಂಡ. ಹಿರಿದು ಕಿರಿದಾಗಿ, ಕಿರಿದು ಹಿರಿದಾದ ಈ ಅರ್ಥಪಲ್ಲಟವು ಇಂದಿನ ಓದುಗನನ್ನು ಹೊಸ್ತಿಲಲ್ಲಿಯೇ ಎಡವಿಸುತ್ತದೆ.

ಪ್ರಾಕೃತದಲ್ಲಿ ಮತ್ತೊಂದು ತೊಡಕಿದೆ. ಅಲ್ಲಿ ದ್ವೀಪ, ದೀಪ ಎಂಬ ಎರಡು ಸಂಸ್ಕೃತ ಶಬ್ದಗಳೂ ‘ದೀವ’ ಎಂಬ ಒಂದೇ ರೂಪವನ್ನು ತಾಳುತ್ತವೆ. ಉತ್ತರಾಧ್ಯಯನದ ವ್ಯಾಖ್ಯಾನಕಾರರು ಈ ಶಬ್ದ ಬಂದೆಡೆಯಲ್ಲಿ ಎರಡು ಅರ್ಥಗಳನ್ನೂ ಚರ್ಚಿಸಬೇಕಾಯಿತು. ಬುದ್ಧನ ಕೊನೆಯ ಉಪದೇಶದಲ್ಲಿನ ‘ದೀಪ’ ಶಬ್ದವು ಆಶ್ರಯಸ್ಥಾನವೋ ಬೆಳಕೋ ಎಂಬ ವಿವಾದವೂ ಇದೇ ಜಾತಿಯದು. ಜಂಬೂದ್ವೀಪದ ವಿಷಯದಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲವಾದರೂ ತ್ರಿಲೋಕವರ್ಣನೆಯ ಪ್ರಾಕೃತ ಗಾಹೆಗಳನ್ನು ಸಂಸ್ಕೃತಕ್ಕೆ ತಿರುಗಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನು ‘ಜಂಬೂ’. ನೇರಳೆಯ ಮರದಿಂದ ದ್ವೀಪಕ್ಕೆ ಹೆಸರು ಬಂದುದೆಂಬುದರಲ್ಲಿ ವೈದಿಕ, ಬೌದ್ಧ, ಜೈನ ಪರಂಪರೆಗಳು ಮೂರೂ ಏಕಾಭಿಪ್ರಾಯ ಹೊಂದಿವೆ. ಮರದ ಸ್ವರೂಪದಲ್ಲಿ ಭಿನ್ನಾಭಿಪ್ರಾಯವಿದೆ. ವಿಷ್ಣುಪುರಾಣದ ಪ್ರಕಾರ ಆ ಮರದ ಹಣ್ಣುಗಳು ಆನೆಗಳಷ್ಟು ದೊಡ್ಡವು. ಅವು ಬೆಟ್ಟದ ಮೇಲೆ ಬಿದ್ದು ಒಡೆದು ರಸವು ಜಂಬೂನದಿಯಾಗಿ ಹರಿಯುತ್ತದೆ. ಆ ನದಿಯ ದಡದ ಮಣ್ಣು ಜಾಂಬೂನದವೆಂಬ ಚಿನ್ನವಾಗುತ್ತದೆ. ತತ್ತ್ವಾರ್ಥಸೂತ್ರದ ಮೇಲೆ ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದರು ಹೇಳುವುದೇ ಬೇರೆ. ಉತ್ತರಕುರುವಿನ ಮಧ್ಯದಲ್ಲಿರುವ ಆ ಜಂಬೂವೃಕ್ಷವು ಆದಿಯೂ ಅಂತ್ಯವೂ ಇಲ್ಲದ್ದು, ಅಕೃತ್ರಿಮವಾದುದು, ಪೃಥಿವಿಯ ಪರಿಣಾಮವಾದುದು. ಎಂದರೆ ಅದು ವನಸ್ಪತಿಕಾಯವಲ್ಲ, ಪೃಥ್ವೀಕಾಯ. ಬೆಳೆಯುವ ಮರವಾದರೆ ಅದು ಒಂದು ದಿನ ಬೀಳಬೇಕು; ಬಿದ್ದರೆ ಅದರಿಂದ ಬಂದ ಹೆಸರಿಗೂ ಆಧಾರ ತಪ್ಪೀತು. ಅನಾದಿಯಾದ ದ್ವೀಪದ ಹೆಸರಿಗೆ ಅನಾದಿಯಾದ ಗುರುತೇ ಬೇಕೆಂಬ ತರ್ಕ ಇದರ ಹಿಂದಿದೆ. ನೇರಳೆಹಣ್ಣಿನ ರುಚಿ ಪುರಾಣಕಾರರಿಗೆ ಸಿಕ್ಕಷ್ಟು ಜೈನಾಚಾರ್ಯರಿಗೆ ಸಿಗಲಿಲ್ಲವೆಂದೇ ಹೇಳಬೇಕು. ಭರತಕ್ಷೇತ್ರದ ಹೆಸರಿನ ವಿಷಯದಲ್ಲಿಯೂ ಅಕಳಂಕದೇವರು ರಾಜವಾರ್ತಿಕದಲ್ಲಿ ಎರಡು ದಾರಿಗಳನ್ನು ತೋರಿಸಿದ್ದಾರೆ: ಭರತನೆಂಬ ಕ್ಷತ್ರಿಯನ ಸಂಬಂಧದಿಂದ ಬಂದ ಹೆಸರು ಎಂಬುದು ಒಂದು, ಅನಾದಿಯಾದ ಸಂಜ್ಞೆ ಎಂಬುದು ಇನ್ನೊಂದು.

ಜಂಬೂದ್ವೀಪದ ಅಳತೆಯೇ ಈ ವಿಚಾರದ ತಿರುಳು. ಜೈನಮತದಲ್ಲಿ ಅದು ಮಧ್ಯಲೋಕದ ನಟ್ಟನಡುವೆ ಇರುವ ದುಂಡಾದ ಭೂಭಾಗ; ಮೇರುಪರ್ವತ ಅದರ ನಾಭಿ; ವ್ಯಾಸ ಒಂದು ಲಕ್ಷ ಯೋಜನ. ಪರಿಧಿಯನ್ನು ೩,೧೬,೨೨೭ ಯೋಜನ, ೩ ಕ್ರೋಶ, ೧೨೮ ಧನುಸ್ಸು, ಹದಿಮೂರುವರೆ ಅಂಗುಲಕ್ಕಿಂತ ತುಸು ಹೆಚ್ಚು ಎಂದು ಲೆಕ್ಕಹಾಕಿದ್ದಾರೆ. ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ವರ್ಗಮೂಲ ತೆಗೆಯುವ ವಿಧಾನದಿಂದ ಬಂದ ಸಂಖ್ಯೆಯಿದು. ದ್ವೀಪದೊಳಗೆ ದಕ್ಷಿಣದಿಂದ ಉತ್ತರಕ್ಕೆ ಭರತ, ಹೈಮವತ, ಹರಿ, ವಿದೇಹ, ರಮ್ಯಕ, ಹೈರಣ್ಯವತ, ಐರಾವತ ಎಂಬ ಏಳು ಕ್ಷೇತ್ರಗಳು. ಅವುಗಳನ್ನು ಬೇರ್ಪಡಿಸುವ ಹಿಮವಂತ, ಮಹಾಹಿಮವಂತ, ನಿಷಧ, ನೀಲ, ರುಕ್ಮಿ, ಶಿಖರಿ ಎಂಬ ಆರು ಕುಲಪರ್ವತಗಳು. ಭರತಕ್ಷೇತ್ರದ ವಿಸ್ತಾರವನ್ನು ಒಂದು ಭಾಗವೆಂದಿಟ್ಟುಕೊಂಡರೆ ವಿದೇಹದವರೆಗೆ ಪರ್ವತವೂ ಕ್ಷೇತ್ರವೂ ಒಂದರ ಮುಂದೊಂದು ಇಮ್ಮಡಿಯಾಗುತ್ತ ಹೋಗಿ, ವಿದೇಹವು ೬೪ ಭಾಗವಾಗುತ್ತದೆ. ಅಲ್ಲಿಂದಾಚೆಗೆ ಅದೇ ಕ್ರಮದಲ್ಲಿ ಅರ್ಧಿಸುತ್ತ ಐರಾವತದಲ್ಲಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಎಲ್ಲವನ್ನೂ ಕೂಡಿಸಿದರೆ ೧೯೦ ಭಾಗ. ಲಕ್ಷವನ್ನು ೧೯೦ರಿಂದ ಭಾಗಿಸಿದಾಗ ಬರುವ ೫೨೬ ೬/೧೯ ಯೋಜನವೇ ಭರತಕ್ಷೇತ್ರದ ವಿಸ್ತಾರ.

ಆ ಭರತವನ್ನಾದರೂ ೫೦ ಯೋಜನ ಅಗಲದ ವಿಜಯಾರ್ಧಪರ್ವತವು ಎರಡಾಗಿ ಸೀಳುತ್ತದೆ. ದಕ್ಷಿಣಾರ್ಧದ ವಿಸ್ತಾರ ೨೩೮ ೩/೧೯ ಯೋಜನ. ಗಂಗಾಸಿಂಧುಗಳು ವಿಜಯಾರ್ಧವನ್ನು ದಾಟಿ ಹರಿಯುವುದರಿಂದ ಆರು ಖಂಡಗಳಾಗುತ್ತವೆ. ಅವುಗಳಲ್ಲಿ ಐದು ಮ್ಲೇಚ್ಛಖಂಡಗಳು. ದಕ್ಷಿಣಾರ್ಧದ ನಡುವಣ ಒಂದೇ ಆರ್ಯಖಂಡ. ಅಯೋಧ್ಯೆ, ಚಂಪಾ, ಪಾವಾಪುರಿ ಎಲ್ಲವೂ ಇರುವುದು ಅಲ್ಲಿ. ದ್ವೀಪದ ನೂರತೊಂಬತ್ತನೆಯ ಭಾಗದ ಒಳಗಿನ ಒಂದಂಶಕ್ಕೆ ಇಡೀ ದ್ವೀಪದ ಹೆಸರನ್ನು ಅರ್ಥವಾಗಿ ಕೊಡುವುದು ಎಷ್ಟರಮಟ್ಟಿಗೆ ಸರಿಯೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಪುರಾಣಗಳ ಜಂಬೂದ್ವೀಪವೂ ಲಕ್ಷಯೋಜನದ್ದೇ. ಅಲ್ಲಿ ಅದು ಏಳು ದ್ವೀಪಗಳಲ್ಲಿ ಮೊದಲನೆಯದು. ಅದರಲ್ಲಿ ಒಂಬತ್ತು ವರ್ಷಗಳು. ವಿಷ್ಣುಪುರಾಣದಂತೆ ಭಾರತವರ್ಷದ ವಿಸ್ತಾರ ೯೦೦೦ ಯೋಜನ. ಹೆಸರೂ ವ್ಯಾಸವೂ ಸಮಾನವಾಗಿದ್ದರೂ ಭಾರತದ ಪಾಲು ಮಾತ್ರ ಬಹಳ ಹಿರಿದು. ಭೀಷ್ಮಪರ್ವದಲ್ಲಿ ಇದೇ ದ್ವೀಪಕ್ಕೆ ಸುದರ್ಶನವೆಂಬ ಹೆಸರಿದ್ದು, ಅದು ಸುದರ್ಶನವೆಂಬ ಜಂಬೂವೃಕ್ಷದಿಂದ ಬಂದುದೆಂದಿದೆ. ಶ್ವೇತಾಂಬರ ಆಗಮವಾದ ಜಂಬೂದ್ವೀಪಪ್ರಜ್ಞಪ್ತಿಯಲ್ಲಿಯೂ ಜಂಬೂವೃಕ್ಷಕ್ಕೆ ಸುದರ್ಶನಾ ಎಂಬ ಹೆಸರು ಕಾಣುವುದು ಎರಡು ಪರಂಪರೆಗಳಿಗೂ ಹಿಂದಿನ ಒಂದು ಸಮಾನ ಮೂಲವನ್ನು ಊಹಿಸಲು ಎಡೆಮಾಡಿಕೊಡುತ್ತದೆ.

ಬೌದ್ಧರ ಕಲ್ಪನೆ ಇವೆರಡಕ್ಕೂ ಭಿನ್ನವಾದುದು. ಅವರಲ್ಲಿ ಜಂಬೂದ್ವೀಪವು ಮೇರುವನ್ನು ಒಳಗೊಂಡಿಲ್ಲ. ಮೇರುವಿನ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಮಹಾದ್ವೀಪಗಳಿದ್ದು, ಪೂರ್ವದಲ್ಲಿ ಪೂರ್ವವಿದೇಹ, ಪಶ್ಚಿಮದಲ್ಲಿ ಅಪರಗೋದಾನೀಯ, ಉತ್ತರದಲ್ಲಿ ಉತ್ತರಕುರು, ದಕ್ಷಿಣದಲ್ಲಿ ಜಂಬೂದ್ವೀಪ. ವಸುಬಂಧುವಿನ ಅಭಿಧರ್ಮಕೋಶದಲ್ಲಿ ಅದರ ಆಕಾರ ಬಂಡಿಯಂತೆ: ಮೂರು ಬದಿಗಳು ಎರಡೆರಡು ಸಾವಿರ ಯೋಜನ, ನಾಲ್ಕನೆಯದು ಮೂರೂವರೆ ಯೋಜನ ಮಾತ್ರ. ಉತ್ತರದಲ್ಲಿ ಅಗಲವಾಗಿ ದಕ್ಷಿಣಕ್ಕೆ ಕಿರಿದಾಗುವ ಈ ನೆಲದಲ್ಲಿ ಭರತಖಂಡದ ಆಕೃತಿಯನ್ನು ಕಾಣುವುದು ಕಷ್ಟವಲ್ಲ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಜೈನರಿಗೆ ವಿದೇಹವೂ ಉತ್ತರಕುರುವೂ ಜಂಬೂದ್ವೀಪದ ಒಳಗಿನವು. ಬೌದ್ಧರಿಗೆ ಅವು ಹೊರಗಿನವು. ಆದುದರಿಂದ ಬೌದ್ಧಸಾಹಿತ್ಯದಿಂದ ಪಡೆದ ಅರ್ಥವನ್ನು ಜೈನಪುರಾಣಕ್ಕೆ ಹಚ್ಚುವವನು ಆ ಪುರಾಣಕ್ಕೆ ಅತ್ಯವಶ್ಯಕವಾದ ಭೂಭಾಗಗಳನ್ನೇ ಕತ್ತರಿಸಿ ಹೊರಗೆಸೆದಂತಾಗುತ್ತದೆ.

ಬೌದ್ಧರಲ್ಲಿ ಈ ಶಬ್ದವು ದೇಶವಾಚಕವಾಗಿ ಬಳಕೆಗೆ ಬಂದುದಕ್ಕೆ ಸ್ಪಷ್ಟ ನಿದರ್ಶನ ಸಿಂಹಳದ್ದು. ದೀಪವಂಸ, ಮಹಾವಂಸಗಳ ಕರ್ತೃಗಳು ಲಂಕಾದ್ವೀಪದಲ್ಲಿ ಕುಳಿತು ಬರೆದವರು. ಅವರಿಗೆ ಕಡಲಾಚೆಯ ಹಿರಿಯ ನೆಲವೇ ಜಂಬುದೀಪ. ಮಹಿಂದಥೇರನು ಅಲ್ಲಿಂದ ಬಂದವನು. ಸಿಂಹಳಭಾಷೆಯಲ್ಲಿ ಇಂದಿಗೂ ಭಾರತಕ್ಕಿರುವ ‘ದಂಬದಿವ’ ಎಂಬ ಹೆಸರು ಈ ಶಬ್ದದ ತದ್ಭವ. ಪಾಲಿಗ್ರಂಥಗಳನ್ನು ಮೊದಲು ಅನುವಾದಿಸಿದ ಪಾಶ್ಚಾತ್ಯರಲ್ಲಿ ಹಲವರು ಸಿಂಹಳದ ಭಿಕ್ಷುಗಳಿಂದ ಕಲಿತವರು. ಭಾರತವೆಂಬ ಅರ್ಥವು ಆ ಹಾದಿಯಿಂದಲೇ ನಿಘಂಟುಗಳಿಗೂ, ನಿಘಂಟುಗಳಿಂದ ಇತರ ಗ್ರಂಥಗಳ ಟಿಪ್ಪಣಿಗಳಿಗೂ ಹಬ್ಬಿರುವುದು ಸಂಭವನೀಯ. ಬೌದ್ಧಜಗತ್ತಿನಲ್ಲಿಯೇ ಬೇರೆಡೆ ಈ ಅರ್ಥ ನಿಲ್ಲುವುದಿಲ್ಲ. ಟಿಬೆಟ್ಟಿನವರು ಜಂಬೂದ್ವೀಪದ ತಮ್ಮ ಪರ್ಯಾಯಪದವನ್ನು ಇಡೀ ಭೂಲೋಕಕ್ಕೆ ಬಳಸುತ್ತಾರೆ. ೧೯ನೆಯ ಶತಮಾನದಲ್ಲಿ ಅವರ ಭಾಷೆಯಲ್ಲಿ ರಚಿತವಾದ ಜಂಬೂದ್ವೀಪವಿಸ್ತರವೆಂಬರ್ಥದ ಗ್ರಂಥದಲ್ಲಿ ಯುರೋಪಿನ ವರ್ಣನೆಯೂ ಇದೆ. ಜಪಾನಿನಲ್ಲಿ ೧೭೧೦ರಲ್ಲಿ ಅಚ್ಚಾದ ಜಂಬೂದ್ವೀಪದ ಭೂಪಟದಲ್ಲಿ ಭಾರತ, ಚೀನ, ಜಪಾನುಗಳೆಲ್ಲ ಸೇರಿದ್ದು, ಯುರೋಪು ಒಂದು ಮೂಲೆಯ ಪುಟ್ಟ ನಡುಗಡ್ಡೆಗಳಾಗಿ ಬಿದ್ದಿದೆ.

ಕಾಲವನ್ನು ನಿಶ್ಚಿತವಾಗಿ ಹೇಳಬಹುದಾದ ಅತ್ಯಂತ ಪ್ರಾಚೀನ ಲಿಖಿತ ಪ್ರಯೋಗವು ದೊರೆಯುವುದು ಅಶೋಕನ ಕಿರುಬಂಡೆ ಶಾಸನಗಳಲ್ಲಿ. ಅವುಗಳ ಹಲವು ಪ್ರತಿಗಳು ಕರ್ನಾಟಕದಲ್ಲಿಯೇ ಇವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಪ್ರತಿಗಳನ್ನು ಬಿ. ಎಲ್. ರೈಸ್ ೧೮೯೨ರಲ್ಲಿ ಬೆಳಕಿಗೆ ತಂದರು; ಮಸ್ಕಿಯ ಪ್ರತಿ ೧೯೧೫ರಲ್ಲಿ ದೊರೆಯಿತು. ಬ್ರಹ್ಮಗಿರಿಯ ಪಾಠದಲ್ಲಿ ಈ ಶಬ್ದವು ‘ಜಂಬುದೀಪಸಿ’ ಎಂದು ಸಪ್ತಮಿಯಲ್ಲಿದೆ. ಜಂಬೂದ್ವೀಪದಲ್ಲಿ ಹಿಂದೆ ದೇವತೆಗಳೊಡನೆ ಬೆರೆಯದಿದ್ದವರು ಈಗ ಬೆರೆತರೆಂಬುದು ಸಂದರ್ಭ. ಆ ಮಾತಿನ ತಾತ್ಪರ್ಯದ ಬಗೆಗೆ ಚರ್ಚೆಯಿದೆ. ಕನ್ನಡನಾಡಿನ ಬಂಡೆಯ ಮೇಲಿರುವುದರಿಂದ ಇದನ್ನು ಅಶೋಕನ ಸಾಮ್ರಾಜ್ಯವೆಂದೇ ಅರ್ಥೈಸುವುದುಂಟು. ಆದರೆ ಸಾಮ್ರಾಜ್ಯವನ್ನು ಹೇಳಬೇಕಾದಾಗ ಅಶೋಕನು ಬಳಸುವ ಶಬ್ದ ‘ವಿಜಿತ’. ಗಡಿಯಾಚೆಯ ಚೋಳ, ಪಾಂಡ್ಯರನ್ನೂ ಯವನರಾಜ ಅಂತಿಯೋಕನನ್ನೂ ಅವನ ಶಾಸನಗಳು ಬೇರೆಯಾಗಿಯೇ ಎಣಿಸುತ್ತವೆ. ದೇವತೆಗಳ ಮಾತು ಬಂದೆಡೆಯಲ್ಲಿ ಮಾತ್ರ ಜಂಬೂದ್ವೀಪವೆಂಬುದು ಬರುವುದರಿಂದ, ಅದನ್ನು ರಾಜ್ಯದ ಹೆಸರೆನ್ನುವುದಕ್ಕಿಂತ ಮನುಷ್ಯರು ಬಾಳುವ ಲೋಕದ ಹೆಸರೆನ್ನುವುದು ಹೆಚ್ಚು ಯುಕ್ತ.

ಕನ್ನಡ ಶಾಸನಗಳಲ್ಲಿ, ವಿಶೇಷವಾಗಿ ೧೧-೧೨ನೆಯ ಶತಮಾನದ ಚಾಳುಕ್ಯ ಮತ್ತು ಹೊಯ್ಸಳ ಶಾಸನಗಳಲ್ಲಿ, ಈ ಶಬ್ದ ಹೇರಳವಾಗಿ ಬರುತ್ತದೆ. ಕಡಲು ಬಳಸಿದ ಜಂಬೂದ್ವೀಪ, ನಡುವೆ ಮೇರು, ತೆಂಕಲಲ್ಲಿ ಭರತ, ಅದರೊಳಗೆ ಕುಂತಳ, ಅದರೊಳಗೊಂದು ನಾಡು, ಆ ನಾಡಿನಲ್ಲಿ ದಾನ ಪಡೆದ ಊರು ಎಂಬ ಕ್ರಮ ಪ್ರಸಿದ್ಧವಾದುದು. ಅಗ್ರಹಾರದ ಶಾಸನಕ್ಕೂ ಬಸದಿಯ ಶಾಸನಕ್ಕೂ ಈ ಚೌಕಟ್ಟು ಸಮಾನ. ಅಳತೆಯ ಪ್ರಶ್ನೆ ಬಾರದಿರುವುದರಿಂದ ಇಬ್ಬರಿಗೂ ಒಂದೇ ಮಾತು ಸಾಕಾಯಿತು. ಇಂದಿಗೂ ಪೂಜಾಸಂಕಲ್ಪದಲ್ಲಿ ಜಂಬೂದ್ವೀಪ, ಭರತವರ್ಷ, ಭರತಖಂಡ ಎಂದು ಒಂದರ ಮುಂದೊಂದು ಉಚ್ಚರಿಸುವುದುಂಟು. ಜೈನರ ಸಂಕಲ್ಪದಲ್ಲಿ ಭರತಕ್ಷೇತ್ರ, ಆರ್ಯಖಂಡ ಎಂದು ಬರುತ್ತದೆ. ಇವೆಲ್ಲವೂ ಒಂದೇ ದೇಶದ ಹೆಸರುಗಳಾಗಿದ್ದರೆ ಸಂಕಲ್ಪವು ಬರಿಯ ಪುನರುಕ್ತಿಯಾಗುತ್ತಿತ್ತು.

ಕಾವ್ಯಗಳಲ್ಲಿ ಮಾತ್ರ ಈ ಭೇದದ ಮೇಲೆಯೇ ಕಥೆ ನಿಂತಿರುತ್ತದೆ. ಪಂಪನು ೯೪೧ರ ಸುಮಾರಿನಲ್ಲಿ ರಚಿಸಿದ ಆದಿಪುರಾಣವು ಜಿನಸೇನರ ಮಹಾಪುರಾಣವನ್ನು ಅನುಸರಿಸಿದೆ. ಆದಿಜಿನನ ಭವಾವಳಿಯಲ್ಲಿ ಜೀವವು ಮಹಾಬಲನಾಗಿ ಹುಟ್ಟುವುದು ಪಶ್ಚಿಮವಿದೇಹದ ಗಂಧಿಲವಿಷಯದ ಅಳಕಾಪುರದಲ್ಲಿ. ಲಲಿತಾಂಗದೇವನಾಗಿ ಈಶಾನಕಲ್ಪದಲ್ಲಿದ್ದು, ಬಳಿಕ ವಜ್ರಜಂಘನಾಗುವುದು ಪೂರ್ವವಿದೇಹದ ಪುಷ್ಕಲಾವತಿಯ ಉತ್ಪಲಖೇಟದಲ್ಲಿ. ಶ್ರೀಮತಿಯ ತವರು ಅದೇ ಪುಷ್ಕಲಾವತಿಯ ಪುಂಡರೀಕಿಣಿ. ಆಮೇಲೆ ದಂಪತಿಗಳಿಬ್ಬರೂ ಉತ್ತರಕುರುವೆಂಬ ಭೋಗಭೂಮಿಯಲ್ಲಿ ಜನಿಸುತ್ತಾರೆ. ಮುಂದೆ ಸುವಿಧಿಯಾಗಿಯೂ ವಜ್ರನಾಭಿಯಾಗಿಯೂ ಮತ್ತೆ ವಿದೇಹದಲ್ಲಿಯೇ ಹುಟ್ಟಿ, ಕಟ್ಟಕಡೆಗೆ ಆ ಜೀವ ಭರತಕ್ಷೇತ್ರದ ಅಯೋಧ್ಯೆಗೆ ವೃಷಭನಾಥನಾಗಿ ಬರುತ್ತದೆ. ಈ ಮನುಷ್ಯಭವಗಳೆಲ್ಲವೂ ಜಂಬೂದ್ವೀಪದಲ್ಲಿಯೇ ನಡೆದವು. ಕಡೆಯದೊಂದನ್ನುಳಿದು ಯಾವುದೂ ಭರತಕ್ಷೇತ್ರದಲ್ಲಿ ನಡೆದುದಲ್ಲ. ಜಂಬೂದ್ವೀಪವೆಂದರೆ ಭಾರತವೆಂದು ತಿಳಿದ ಓದುಗನು ಪುಂಡರೀಕಿಣಿಯನ್ನು ಉತ್ತರಭಾರತದ ಯಾವುದೋ ಹಾಳೂರಿನಲ್ಲಿ ಹುಡುಕಬೇಕಾದೀತು. ಅಳಕಾಪುರವೆಂದೊಡನೆ ಮೇಘದೂತದ ಅಲಕೆಯೂ ಕೈಲಾಸವೂ ನೆನಪಾಗುವುದು ಸಹಜ. ಆದರೆ ಮಹಾಬಲನ ಅಳಕೆ ಇರುವುದು ಗಂಧಿಲದ ವಿಜಯಾರ್ಧದ ಉತ್ತರಶ್ರೇಣಿಯಲ್ಲಿ. ವಿದೇಹದ ೩೨ ವಿಷಯಗಳಲ್ಲಿ ಒಂದೊಂದಕ್ಕೂ ಒಂದೊಂದು ವಿಜಯಾರ್ಧವಿದ್ದು, ಭರತ, ಐರಾವತಗಳವೂ ಸೇರಿ ಜಂಬೂದ್ವೀಪದಲ್ಲಿ ೩೪ ಆಗುತ್ತವೆ. ಗಂಗಾ, ಸಿಂಧು ಎಂಬ ನದಿಗಳೂ ವಿದೇಹದ ೧೬ ವಿಷಯಗಳಲ್ಲಿ ಹರಿಯುತ್ತವೆ. ಹೀಗಿರುವಾಗ ಬೆಟ್ಟದ, ಹೊಳೆಯ ಹೆಸರಷ್ಟರಿಂದ ಕ್ಷೇತ್ರವನ್ನು ನಿರ್ಣಯಿಸುವಂತಿಲ್ಲ.

ಕೆಲವು ತೀರ್ಥಂಕರರ ಪೂರ್ವಭವಗಳು ಧಾತಕೀಷಂಡದಲ್ಲಿಯೂ ಪುಷ್ಕರಾರ್ಧದಲ್ಲಿಯೂ ನಡೆಯುತ್ತವೆ. ಜಂಬೂದ್ವೀಪ, ಅದರ ಸುತ್ತಣ ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ, ನಾಲ್ಕು ಲಕ್ಷದ ಧಾತಕೀಷಂಡ, ಎಂಟು ಲಕ್ಷದ ಕಾಲೋದ, ಮಾನುಷೋತ್ತರಪರ್ವತದ ಈಚೆಗಿರುವ ಎಂಟು ಲಕ್ಷದ ಪುಷ್ಕರಾರ್ಧ ಸೇರಿ ೪೫ ಲಕ್ಷ ಯೋಜನ ವ್ಯಾಸದ ಮನುಷ್ಯಲೋಕವಾಗುತ್ತದೆ. ಕಥಾರಂಭದ ‘ಜಂಬೂದ್ವೀಪದ’ ಎಂಬ ಮಾತು ಈ ಎರಡೂವರೆ ದ್ವೀಪಗಳಲ್ಲಿ ಯಾವುದೆಂಬ ಪ್ರಶ್ನೆಗೆ ಉತ್ತರವಾಗಿ ಬಂದುದು. ವಡ್ಡಾರಾಧನೆಯ ಕಥೆಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುವುದನ್ನು ಬರಿಯ ವಾಡಿಕೆಯೆಂದು ಸಂಗ್ರಹಾನುವಾದದಲ್ಲಿ ಬಿಡುವುದು ಉಚಿತವಲ್ಲ.

ಸಿದ್ಧಾಂತದ ದೃಷ್ಟಿಯಿಂದ ಇನ್ನೂ ಗುರುತರವಾದ ಸಂಗತಿಯೊಂದಿದೆ. ಉತ್ಸರ್ಪಿಣೀ ಅವಸರ್ಪಿಣಿಗಳೆಂಬ ಕಾಲಪರಿವರ್ತನೆ ನಡೆಯುವುದು ಭರತ, ಐರಾವತಗಳಲ್ಲಿ ಮಾತ್ರ. ವಿದೇಹದಲ್ಲಿ ಸದಾ ಚತುರ್ಥಕಾಲದ ಸ್ಥಿತಿ. ಅಲ್ಲಿ ತೀರ್ಥಂಕರರ ವಿಹಾರಕ್ಕೂ ಮೋಕ್ಷಮಾರ್ಗಕ್ಕೂ ವಿಚ್ಛೇದವಿಲ್ಲ. ಸೀಮಂಧರಸ್ವಾಮಿ ಈಗ ಇರುವುದು ಇದೇ ಜಂಬೂದ್ವೀಪದ ಪೂರ್ವವಿದೇಹದಲ್ಲಿ. ಪದ್ಮನಂದಿಯೆಂಬ ಹೆಸರುಳ್ಳ ಕುಂದಕುಂದಾಚಾರ್ಯರು ಸೀಮಂಧರರಿಂದ ದಿವ್ಯಜ್ಞಾನ ಪಡೆದರೆಂಬ ಐತಿಹ್ಯವನ್ನು ೧೦ನೆಯ ಶತಮಾನದ ದೇವಸೇನನು ದರ್ಶನಸಾರದಲ್ಲಿ ಸೂಚಿಸಿದ್ದಾನೆ. ಪಂಚಮಕಾಲದ ಭರತದಲ್ಲಿರುವ ಶ್ರಾವಕನಿಗೆ ತನ್ನ ದ್ವೀಪದಲ್ಲಿಯೇ ಜಿನನೊಬ್ಬನಿದ್ದಾನೆಂಬ ಭರವಸೆ ಈ ಹೆಸರಿನ ಪೂರ್ಣಾರ್ಥದ ಮೇಲೆ ನಿಂತಿದೆ. ಜಂಬೂದ್ವೀಪವನ್ನು ಭಾರತವೆಂದು ಕಿರಿದುಗೊಳಿಸಿದರೆ ಆ ಭರವಸೆಗೆ ನೆಲವಿಲ್ಲದಾಗುತ್ತದೆ.

ಇನ್ನು ಹಸ್ತಪ್ರತಿಗಳ ಸಂಪಾದನೆಗೆ ಸಂಬಂಧಿಸಿದ ಎರಡು ಮಾತು. ತಿಲೋಯಪಣ್ಣತ್ತಿ, ತ್ರಿಲೋಕಸಾರಗಳ ವರ್ಗಕ್ಕೆ ಸೇರಿದ ಗ್ರಂಥಗಳ ಪ್ರತಿಗಳಲ್ಲಿ ಅಂಕೆಗಳು ಲಿಪಿಕಾರನ ಕೈಯಲ್ಲಿ ಬಹುಬೇಗ ಕೆಡುತ್ತವೆ. ಭಿನ್ನರಾಶಿಯನ್ನು ನಡುವೆ ಗೆರೆಯಿಲ್ಲದೆ ಮೇಲೊಂದು ಕೆಳಗೊಂದು ಬರೆಯುವುದು ಹಳೆಯ ಪದ್ಧತಿ. ಪ್ರತಿಕಾರನು ಅದನ್ನು ಒಂದೇ ಸಾಲಿಗೆ ಇಳಿಸಿದರೆ ೫೨೬ ೬/೧೯ ಎಂಬುದು ಗುರುತು ಸಿಗದಂತಾಗುತ್ತದೆ. ೧೯೦ ಭಾಗಗಳ ಕ್ರಮವನ್ನು ಬಲ್ಲ ಸಂಪಾದಕನು ಬೇರೆ ಪ್ರತಿ ದೊರೆಯದಿದ್ದರೂ ಗಣಿತದಿಂದಲೇ ಪಾಠವನ್ನು ತಿದ್ದಬಲ್ಲನು. ಕುಲಪರ್ವತಗಳ ಮತ್ತು ಕ್ಷೇತ್ರಗಳ ವಿಸ್ತಾರಗಳೆಲ್ಲವೂ ಇದೇ ಮೂಲಸಂಖ್ಯೆಯ ಇಮ್ಮಡಿಗಳಾದುದರಿಂದ ಒಂದು ಸರಿಯಾದರೆ ಉಳಿದವು ತಾವಾಗಿಯೇ ಸರಿಹೊಂದುತ್ತವೆ.

ಎರಡನೆಯದು ನಾಮಸೂಚಿಯ ವಿಷಯ. ‘ವಿದೇಹ’ವೆಂಬ ಹೆಸರಿನ ಕೆಳಗೆ ಎಲ್ಲ ಉಲ್ಲೇಖಗಳನ್ನೂ ಒಂದೆಡೆ ಸೇರಿಸಿದರೆ ಕ್ಷೇತ್ರವೂ ದೇಶವೂ ಬೆರೆತುಹೋಗುತ್ತವೆ. ಮಲ್ಲಿನಾಥ, ನಮಿನಾಥರ ಜನ್ಮಸ್ಥಳವಾದ ಮಿಥಿಲೆಯಿರುವ ವಿದೇಹವು ಭರತಕ್ಷೇತ್ರದ ಒಂದು ದೇಶ. ಸೀಮಂಧರರ ವಿದೇಹವು ಮೇರುವಿನ ಎರಡು ಪಕ್ಕದ ಮಹಾಕ್ಷೇತ್ರ. ಇವೆರಡನ್ನೂ ಬೇರೆ ಬೇರೆ ನಮೂದುಗಳಾಗಿ, ಮೊದಲನೆಯದರ ಹಿಂದೆ ಭರತವೆಂದೂ ಎರಡನೆಯದರ ಹಿಂದೆ ಜಂಬೂದ್ವೀಪವೆಂದೂ ಬರೆದು ತೋರಿಸಬೇಕು. ಈ ಎಚ್ಚರ ಹೊಸದೇನಲ್ಲ. ಪೂಜ್ಯಪಾದರದೆಂದು ಪ್ರಸಿದ್ಧವಾದ ನಿರ್ವಾಣಭಕ್ತಿಯಲ್ಲಿ ವರ್ಧಮಾನಸ್ವಾಮಿಯ ಜನ್ಮಸ್ಥಳವನ್ನು ಹೇಳುವಾಗ ವಿದೇಹದ ಕುಂಡಪುರವೆಂಬುದರ ಮೊದಲು ಭಾರತವಾಸ್ಯವೆಂಬ ಶಬ್ದವನ್ನು ಇರಿಸಲಾಗಿದೆ.